ಓದುಗರ ಪ್ರಶ್ನೆ: ದಾಸವಾಳದ ಚಿಗುರು ಮುರುಟಿದೆ

ಪ್ರಶ್ನೆ: ತಾರಸಿಯ ಕುಂಡದಲ್ಲಿರುವ ದಾಸವಾಳದ ಚಿಗುರೆಲ್ಲ ಮುರುಟಿ ಗೊಂಚಲಾಗಿದೆ. ಮೊಗ್ಗು ಅರಳದೆ ಉದುರುತ್ತಿದೆ. ಕಡ್ಡಿಗಳ ಮೇಲೆ ಹತ್ತಿ ಮೆತ್ತಿದಂತಿದೆ, ಇರುವೆಯೂ ತುಂಬಾ ಇದೆ. ನೀರಿಗೆ ಬೇವಿನೆಣ್ಣೆ ಹಾಕಿ ಎರಡು ಸಲ ಹೊಡೆದರೆ ಎಲೆ ಸುಟ್ಟಿತು, ಹುಳ ಸಾಯಲಿಲ್ಲ. ಈಗ ಇನ್ನೂ ದೊಡ್ಡ ಬಿಳಿ ಹುಳಗಳು ಓಡಾಡುತ್ತಿವೆ. ಏನು ಮಾಡಲಿ?
– ಮಲ್ಲೇಶ್ವರದ ಓದುಗರು

ಉತ್ತರ: ಆ ದೊಡ್ಡ ಹುಳಗಳನ್ನು ದಯವಿಟ್ಟು ಕೊಲ್ಲಬೇಡಿ. ಗಿಡಕ್ಕೆ ಬಂದಿರುವುದು ಹಿಟ್ಟು ತಿಗಣೆ. ಅದು ಸುಮಾರು 3 ಮಿ.ಮೀ. ಮಾತ್ರ ಬೆಳೆಯುತ್ತದೆ, ಮುಟ್ಟಿದರೂ ಹೆಚ್ಚು ಕದಲುವುದಿಲ್ಲ. ಒಂದು ಸೆಂ.ಮೀ.ಗೂ ಉದ್ದ, ಮೈತುಂಬ ಬಿಳಿ ಎಳೆ, ಮುಟ್ಟಿದರೆ ಚುರುಕಾಗಿ ಸರಿಯುವುದು ಕ್ರಿಪ್ಟೊಲೇಮಸ್ ಎಂಬ ಗುಲಗಂಜಿ ಹುಳದ ಮರಿ. ತಿಗಣೆಯನ್ನೂ ಅದರ ಮೊಟ್ಟೆಯನ್ನೂ ತಿನ್ನುವುದೇ ಅದರ ಕೆಲಸ. ಅಂಥ ನಾಲ್ಕೈದು ಮರಿ ಕಂಡರೂ ಹತ್ತು ದಿನ ಏನನ್ನೂ ಸಿಂಪಡಿಸಬೇಡಿ.

ಒಂದು ತಿಗಣೆಯನ್ನು ಬಿಳಿ ಕಾಗದದ ಮೇಲೆ ಅರೆದು ನೋಡಿ. ಕೆಂಪು ಛಾಯೆಯ ರಸ ಬಂದರೆ ಗುಲಾಬಿ ಹಿಟ್ಟು ತಿಗಣೆ. ರಸ ಹೀರುವಾಗ ಅದು ಬಿಡುವ ಜೊಲ್ಲಿನ ನಂಜಿಗೇ ಚಿಗುರು ಮುರುಟುವುದು. ಮುರುಟಿದ ಚಿಗುರು ಮತ್ತೆ ನೆಟ್ಟಗಾಗುವುದಿಲ್ಲ. ಕೆಳಗಿನ ನಾಲ್ಕು ಬೆರಳು ಕಡ್ಡಿ ಸಮೇತ ಕತ್ತರಿಸಿ, ಕವರಿನಲ್ಲಿ ಬಿಗಿಯಾಗಿ ಕಟ್ಟಿ ಬಿಸಾಡಿ. ಗೊಬ್ಬರದ ತೊಟ್ಟಿಗೆ ಹಾಕಬೇಡಿ.

ಇರುವೆ ತಡೆಯದೆ ಬೇರೇನು ಮಾಡಿದರೂ ವ್ಯರ್ಥ. ತಿಗಣೆ ಹೊರಹಾಕುವ ಸಿಹಿ ಅಂಟಿಗಾಗಿ ಅವು ಗುಲಗಂಜಿ ಹುಳವನ್ನು ಓಡಿಸುತ್ತವೆ. ಕುಂಡವನ್ನು ಸ್ಟ್ಯಾಂಡಿನ ಮೇಲಿಟ್ಟು, ಅದರ ಕಾಲುಗಳನ್ನು ಸೋಪು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಒಂದೇ ಒಂದು ಎಲೆ ಗೋಡೆಗೆ ತಾಗಿದರೂ ಇರುವೆಗೆ ಅದೇ ದಾರಿ.

ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಮೇಲೆ ತೇಲಿದ್ದು ಒಂದೇ ಕಡೆ ಬಿದ್ದು ಎಲೆ ಸುಟ್ಟಿದೆ. ಗುಲಗಂಜಿ ಹುಳದ ಮರಿಗಳು ಇಲ್ಲದಿದ್ದರೆ ಹೀಗೆ ಮಾಡಿ: ಅರ್ಧ ಲೋಟ ಉಗುರುಬೆಚ್ಚಗಿನ ನೀರಿಗೆ 2 ಮಿ.ಲೀ. ದ್ರವ ಸೋಪು, ನಂತರ 5 ಮಿ.ಲೀ. ಬೇವಿನೆಣ್ಣೆ ಹಾಕಿ, ಹಾಲಿನಂತಾಗುವವರೆಗೆ ಕಲಕಿ, ಒಂದು ಲೀಟರಿಗೆ ನೀರು ತುಂಬಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ರೂಪಿಸಿದ ಬೇವಿನ ಸೋಪು ಸಿಕ್ಕರೆ ಇನ್ನೂ ಸುಲಭ, ಲೀಟರಿಗೆ 10 ಗ್ರಾಂ. ಎರಡು ಎಲೆಗೆ ಹೊಡೆದು ಒಂದು ದಿನ ಕಾಯಿರಿ. ಅವು ಸುಡದಿದ್ದರೆ ಸಂಜೆ ಹೊತ್ತು, ಎಲೆಯ ಅಡಿ ಮತ್ತು ಕವಲುಗಳು ನೆನೆಯುವಂತೆ ಸಿಂಪಡಿಸಿ. ಹತ್ತಿಯೊಳಗಿನ ಮೊಟ್ಟೆಗೆ ಇದು ತಾಗುವುದಿಲ್ಲ. ಮರಿ ಹೊರಬರಲು ವಾರ ಬೇಕು. ಅದಕ್ಕೇ ವಾರಕ್ಕೊಮ್ಮೆ, ಮೂರು ಸಲ. ಹೂವು ಪೂಜೆಗೂ ಹೋಗುತ್ತದೆ, ಸೂರಕ್ಕಿಯೂ ಮಕರಂದ ಕುಡಿಯುತ್ತದೆ, ಘಾಟು ಕೀಟನಾಶಕ ಬೇಡವೇ ಬೇಡ.

ಪಕ್ಕದಲ್ಲಿ ಪರಂಗಿ ಗಿಡವಿದ್ದರೆ ಅದನ್ನೂ ನೋಡಿ. ಅಲ್ಲಿನ ತಿಗಣೆ ಅರೆದಾಗ ಹಳದಿ ರಸ ಬಂದರೆ ಅದು ಪರಂಗಿಯ ಹಿಟ್ಟು ತಿಗಣೆ. ಅದನ್ನು ಹತ್ತಿಕ್ಕಲು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಶೋಧನಾ ಬ್ಯೂರೊ 2010ರಲ್ಲಿ ಪೋರ್ಟೊರಿಕೊದಿಂದ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಅಸೆರೊಫಾಗಸ್ ಎಂಬ ಪುಟ್ಟ ಕಣಜವನ್ನು ತರಿಸಿತ್ತು. ದುಂಡಗೆ ಉಬ್ಬಿ, ಒಣಗಿ, ತೂತು ಬಿದ್ದ ತಿಗಣೆಗಳು ಎಲೆಯಡಿ ಕಂಡರೆ ಕಣಜ ಬಂದಿದೆ ಎಂದರ್ಥ. ಆ ಎಲೆಗಳನ್ನು ಕೀಳದೆ ಬಿಡಿ.