ಚಿಂತಾಮಣಿ ತಮ್ಮನ ‘ಇಟಲಿ ಗೆದ್ದಾಯ್ತು’ ಪೋಸ್ಟ್‌ಗೆ ಉತ್ತರ, ಸ್ವಲ್ಪ ಉದ್ದ ಇದೆ

ತಮ್ಮಾ, ನಿನ್ನ ಪೋಸ್ಟ್ ನಿನ್ನೆ ರಾತ್ರಿಯೇ ನೋಡಿದೆ. ಮಲಗಲು ಹೊರಟವನು ಮತ್ತೆ ಎದ್ದು ಕೂತೆ. ‘ಪೀಟರ್ ಬರ್ಲಿಂಗ್ ನ್ಯೂಜಿಲೆಂಡ್ ಬಿಟ್ಟು ಲೂನಾ ರೊಸ್ಸಾ ಸೇರಿದ. 2027ರ ಅಮೆರಿಕಾಸ್ ಕಪ್ ನಡೆಯೋದೂ ನೇಪಲ್ಸ್‌ನಲ್ಲೇ. ಅಲ್ಲಿಗೆ ಇಟಲಿ ಗೆದ್ದಾಯ್ತು. ನಾನು ಈಗಲೇ ಒಂದು ಮೀಟರಿನ ಲೂನಾ ರೊಸ್ಸಾ ಮಾಡ್ತೀನಿ. ಕೀಲ್ ಇಲ್ಲ, ಬರೀ ಫಾಯಿಲ್. ಹಳೇ ದೋಣಿಯ ಫಿನ್ ಬಾಕ್ಸ್ ಈ ಭಾನುವಾರ ಕೊಯ್ತೀನಿ’ ಅಂತ ಬರೆದಿದ್ದೀಯ. (ಹೊಸಬರಿಗೆ: ನಮ್ಮದು ರಿಮೋಟ್‌ನಲ್ಲಿ ಓಡಿಸುವ ಪುಟ್ಟ ಹಾಯಿದೋಣಿಗಳ ಗುಂಪು. ಅಮೆರಿಕಾಸ್ ಕಪ್ ಅಂದರೆ ದೊಡ್ಡ ಹಾಯಿದೋಣಿಗಳ ಅಂತರರಾಷ್ಟ್ರೀಯ ರೇಸ್, ಬರ್ಲಿಂಗ್ ನ್ಯೂಜಿಲೆಂಡ್ ದೋಣಿ ನಡೆಸುತ್ತಿದ್ದವನು, ಲೂನಾ ರೊಸ್ಸಾ ಇಟಲಿಯ ತಂಡ. ಕೀಲ್ ಅಂದರೆ ದೋಣಿಯಡಿ ಇಳಿಬಿಟ್ಟ ಹಲಗೆ, ಅಂದರೆ ಫಿನ್, ಅದರ ತುದಿಗೆ ಬಲ್ಬ್ ಅನ್ನುವ ಭಾರ. ಫಿನ್ ಬಾಕ್ಸ್ ಅದು ಕೂರುವ ಗೂಡು. ಫಾಯಿಲ್ ಅಂದರೆ ವೇಗ ಬಂದಾಗ ದೋಣಿಯನ್ನು ನೀರಿನಿಂದ ಮೇಲೆತ್ತುವ, ನೀರೊಳಗಿನ ರೆಕ್ಕೆ.) ನಿನ್ನ ಪೋಸ್ಟಿನ ಕೆಳಗೆ ಎಲ್ಲರೂ ಚಪ್ಪಾಳೆ ತಟ್ಟಿದ್ದಾರೆ. ಒಬ್ಬರಾದರೂ ಗರಗಸ ಕೆಳಗಿಡು ಅಂದರಾ? ಇಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಗರಗಸ ಕೆಳಗಿಡು.

2021ರಲ್ಲಿ ನಾನು ಮಾಡಿದ್ದೂ ಇದನ್ನೇ. ದೇಶ ಬೇರೆ, ಅಷ್ಟೇ.

ಆ ಜನವರಿಯಲ್ಲಿ ಆಕ್ಲೆಂಡ್‌ನಲ್ಲಿ ಪ್ರಾಡಾ ಕಪ್, ಅಂದರೆ ಹಾಲಿ ಚಾಂಪಿಯನ್ ನ್ಯೂಜಿಲೆಂಡ್‌ಗೆ ಎದುರಾಳಿ (ಚಾಲೆಂಜರ್) ಯಾರು ಅಂತ ಆರಿಸುವ ಸರಣಿ. ನಮಗೆ ತಿಂಡಿ ಹೊತ್ತಿಗೆ ಲೈವ್ ಬರುತ್ತಿತ್ತು. ಡಿಸೆಂಬರ್‌ನಲ್ಲಿ ನೀರು ಬಿಟ್ಟು ಏಳಲು ಒದ್ದಾಡುತ್ತಿದ್ದ ಬ್ರಿಟನ್ ದೋಣಿ ಜನವರಿಗೆ ಬೇರೆಯೇ ಆಗಿತ್ತು. ಅದರ ನಾಯಕ ಬೆನ್ ಏನ್ಸ್ಲಿ ಒಂದಾದ ಮೇಲೊಂದು ರೇಸ್ ಗೆದ್ದ. ಎಲ್ಲರೂ ಎಲ್ಲರ ಮೇಲೆ ಆಡುವ ರೌಂಡ್ ರಾಬಿನ್‌ನಲ್ಲಿ ಸೋಲೇ ಇಲ್ಲ, ನೇರ ಫೈನಲ್. ನಾನು ಇದೇ ಗುಂಪಿನಲ್ಲಿ ಬರೆದೆ: 1851ರಲ್ಲಿ ಕಪ್ ಶುರುವಾದಾಗಿನಿಂದ ಕಾಯುತ್ತಿರುವ ಬ್ರಿಟನ್‌ಗೆ ಈ ಸಲ ಕಪ್ ಖಾಯಂ, ಸೋತರೆ ಕ್ಯಾತಸಂದ್ರದಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ನನ್ನ ಲೆಕ್ಕ. ಆಮೇಲೆ ಬ್ರಿಟನ್‌ನವರು ಮೂರು ವಾರ ರೇಸ್ ಇಲ್ಲದೆ ಕೂತರು. ಅಷ್ಟರಲ್ಲಿ ಲೂನಾ ರೊಸ್ಸಾ ಸೆಮಿಫೈನಲ್ ಆಡಿ ಕೈ ಪಳಗಿಸಿಕೊಂಡಿತು. ಫೈನಲ್‌ನಲ್ಲಿ 7-1, ಇಟಲಿ ಕಡೆಗೆ. ಇಡ್ಲಿ ಬಿಲ್ ಎಷ್ಟಾಯಿತು ಅಂತ ಕೇಳಬೇಡ. ಒಬ್ಬ ಮಹಾಶಯ ಏಳು ತಿಂದ, ರೇಸಿಗೊಂದರಂತೆ.

ಇಡ್ಲಿ ಹೋದರೆ ಹೋಗಲಿ. ದೋಣಿ ಹೋಯಿತಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಆಗ ನನ್ನ ಹತ್ತಿರ ಚೆನ್ನಾಗಿ ಓಡುತ್ತಿದ್ದ ಡ್ರಾಗನ್‌ಫ್ಲೈಟ್ 95 ಅನ್ನುವ ರಿಮೋಟ್ ಹಾಯಿದೋಣಿ ಇತ್ತು. ಎ ರಿಗ್ (ಮಂದ ಗಾಳಿಯ ದೊಡ್ಡ ಹಾಯಿ) ಹಾಕಿದರೆ ಊದುಬತ್ತಿ ಹೊಗೆ ಅಲುಗುವಷ್ಟು ಗಾಳಿ ಸಾಕು, ಹೊರಟುಬಿಡುತ್ತಿತ್ತು. ಬ್ರಿಟನ್ ಗೆಲ್ಲುತ್ತಿದ್ದ ಹುಮ್ಮಸ್ಸಿನಲ್ಲಿ ಅದರ ಫಿನ್ ಬಾಕ್ಸ್ ಕೊಯ್ದೆ. ಎರಡೂ ಪಕ್ಕಕ್ಕೆ ತೋಳು ಕೂರಿಸಿದೆ. ಅಲ್ಯೂಮಿನಿಯಂ ಪಟ್ಟಿ ಅರದಿಂದ ಉಜ್ಜಿ, ಬಗ್ಗಿಸಿ ಫಾಯಿಲ್ ಮಾಡಿದೆ. ತೋಳು ಎತ್ತಿಳಿಸಲು ಎರಡು ಸರ್ವೋ, ಅಂದರೆ ರಿಮೋಟ್ ಮಾತು ಕೇಳುವ ಪುಟ್ಟ ಮೋಟರ್. ಮನೆಯ ಸಂಪಿನಲ್ಲಿ ತೇಲಿಸಿದಾಗಲೇ ಒಂದು ಕಡೆ ವಾಲುತ್ತಿತ್ತು. ಗಾಳಿ ಸಿಕ್ಕರೆ ಸರಿಹೋಗುತ್ತೆ ಅಂದುಕೊಂಡೆ. ಸಂಪಿನಲ್ಲಿ ವಾಲಿದ್ದು ಕೆರೆಯಲ್ಲಿ ನೆಟ್ಟಗಾಗುತ್ತಾ?

ಒಂದು ಭಾನುವಾರ ತುಮಕೂರಿನ ಹತ್ತಿರದ ಮೈದಾಳ ಕೆರೆ. ನೀರಿಗೆ ಬಿಟ್ಟೆ. ಮೊದಲ ಹತ್ತು ಮಾರು ನೀರಿಗೆ ಹೊಟ್ಟೆ ಒತ್ತಿಕೊಂಡು ಎಮ್ಮೆ ಹೋದ ಹಾಗೆ ಹೋಯಿತು. ಆಮೇಲೆ ಒಂದು ಬೀಸು ಬಂತು. ಮೂತಿ ಎತ್ತಿತು. ಎಡ ಫಾಯಿಲ್ ಮೇಲೆ ಮೈ ಪೂರ್ತಿ ನೀರು ಬಿಟ್ಟಿತು. ನಿಜವಾಗಲೂ, ದೋಣಿಯ ಹೊಟ್ಟೆಯಡಿ ಆಚೆ ದಡದ ಜೊಂಡು ಕಂಡಿತು. ನೋಡ್ರೋ ಅಂತ ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಗಾಳಿ ಸತ್ತಿತು. ದೋಣಿ ಧೊಪ್ಪನೆ ಕೂತು, ಪಕ್ಕಕ್ಕೆ ಮಗುಚಿ, ಹಾಯಿಯನ್ನು ನೀರಿನ ಮೇಲೆ ಹಾಸಿಕೊಂಡು ಮಲಗಿತು. ಕೀಲ್ ಇದ್ದಿದ್ದರೆ ಬಲ್ಬಿನ ಭಾರಕ್ಕೆ ತಾನೇ ಏಳುತ್ತಿತ್ತು. ಕೀಲ್ ನಮ್ಮನೆ ಅಟ್ಟದ ಮೇಲಿತ್ತು. ಮೀನು ಹಿಡಿಯುವವರೊಬ್ಬರು ಹರಿಗೋಲಿನಲ್ಲಿ ಹೋಗಿ ತಂದುಕೊಟ್ಟರು. ‘ಏನ್ ಸಾರ್, ಇದು ಹಾರೋದಾ, ಮುಳುಗೋದಾ?’ ಅಂತ ಕೇಳಿದರು. ಕಿಚಾಯಿಸಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಅದೇ ಜಾಸ್ತಿ ಚುಚ್ಚಿತು.

ಅಂದಿನಿಂದ ನಾನು ಕಪ್ ನೋಡುವ ರೀತಿಯೇ ಬದಲಾಯಿತು. ಯಾರು ಎಷ್ಟು ಜೋರು ಹೋದರು ಅಂತ ನೋಡೋದಿಲ್ಲ. ಕಪ್ಪಿನಲ್ಲಿ ಓಡುವ ಎಸಿ75 ದೋಣಿ 50 ನಾಟ್ (ಗಂಟೆಗೆ 90 ಕಿಲೋಮೀಟರಿಗೂ ಮೇಲೆ) ದಾಟುತ್ತೆ, ಎಲ್ಲರದ್ದೂ ದಾಟುತ್ತೆ. ಗಾಳಿ ಕಡಿಮೆಯಾದಾಗ ಯಾರು ಫಾಯಿಲ್ ಮೇಲೆ ಉಳಿದರು, ಟ್ಯಾಕ್ ಹೊಡೆದು (ಗಾಳಿಗೆದುರಾಗಿ ದಿಕ್ಕು ತಿರುಗಿಸಿ) ಬಂದಾಗ ಯಾರ ಮೈ ನೀರು ಮುಟ್ಟಿತು, ಅದನ್ನು ಎಣಿಸುತ್ತೇನೆ. 2021ರ ಕಪ್ಪಿನ ಎಂಟನೇ ರೇಸ್ ಹುಡುಕಿ ನೋಡು. ಮುಂದಿದ್ದ ಲೂನಾ ರೊಸ್ಸಾದ ಹಾಯಿ ಕೆಡಿಸಿಬಿಟ್ಟ ಗಾಳಿಗೆ ಸಿಕ್ಕಿ ನ್ಯೂಜಿಲೆಂಡ್ ಧೊಪ್ಪನೆ ಕೂತಿತು. ಇಟಲಿ ಎಲ್ಲೋ ಹೊರಟುಹೋಯಿತು. ರೇಸ್ ಮುಗೀತು ಅಂತ ನಾನು ಕಾಫಿ ತರಲು ಎದ್ದೆ. ಲೋಟ ಹಿಡಿದು ಬಂದರೆ ಇಟಲಿಯೂ ಕೂತಿದೆ! ನ್ಯೂಜಿಲೆಂಡ್ ಮೊದಲು ಎದ್ದು ಮೂರು ನಿಮಿಷಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದಿತು. ಕಪ್ 7-3ರಲ್ಲಿ ಅವರ ಹತ್ತಿರವೇ ಉಳಿಯಿತು.

ಈಗ ನಿನ್ನ ಲೆಕ್ಕಕ್ಕೆ ಬರೋಣ.

ಬರ್ಲಿಂಗ್ ಹೋಗಿದ್ದು ಸಣ್ಣ ಮಾತಲ್ಲ, ಒಪ್ಪಿದೆ. ಹಿಂದೆ ಹೀಗೇ ಆಗಿದೆ ಕೂಡ. ರಸೆಲ್ ಕೂಟ್ಸ್, ಬ್ರಾಡ್ ಬಟರ್‌ವರ್ತ್ ಇಬ್ಬರೂ ನ್ಯೂಜಿಲೆಂಡ್ ಬಿಟ್ಟು ಸ್ವಿಟ್ಜರ್‌ಲೆಂಡಿನ ಅಲಿಂಗಿ ತಂಡ ಸೇರಿ, 2003ರಲ್ಲಿ ಆಕ್ಲೆಂಡ್‌ಗೇ ಬಂದು 5-0 ಹೊಡೆದು ಕಪ್ ಎತ್ತಿಕೊಂಡು ಹೋದರು. ಸಮುದ್ರವೇ ಇಲ್ಲದ ದೇಶದ ತಂಡ. ನಮ್ಮಂಥ ತುಮಕೂರು, ಕೋಲಾರದವರಿಗೆ ಅದೊಂದು ಖುಷಿಯ ವಿಷಯ. ಆದರೆ ಆ 5-0 ಪೂರ್ತಿ ಕೂಟ್ಸ್‌ನ ಜಾಣತನ ಅನ್ನಬೇಡ. ನ್ಯೂಜಿಲೆಂಡ್ ದೋಣಿಗೆ ಮೊದಲ ರೇಸಿನಲ್ಲೇ ನೀರು ನುಗ್ಗಿ ಬಕೆಟ್‌ನಲ್ಲಿ ಎತ್ತಿ ಸುರಿದರು. ನಾಲ್ಕನೆಯದರಲ್ಲಿ ಕಂಬವೇ ಮುರಿಯಿತು. ಅದೇ ಉದಾಹರಣೆ ನಿನ್ನ ಇನ್ನೊಂದು ಮಾತನ್ನೂ ಮುರಿಯುತ್ತೆ. ಮನೆ ನೀರಿನಲ್ಲಿ ಗೆಲ್ತಾರೆ ಅಂದೆಯಲ್ಲ, ಅಂದು ಮನೆ ನೀರು ಯಾರದ್ದಾಗಿತ್ತು?

ಇಟಲಿ ಮೂರು ಸಲ ಕಪ್ಪಿನ ಬಾಗಿಲವರೆಗೆ ಬಂದಿದೆ. 1992ರಲ್ಲಿ ಇಲ್ ಮೊರೊ, 2000 ಮತ್ತು 2021ರಲ್ಲಿ ಲೂನಾ ರೊಸ್ಸಾ. ಮೂರೂ ಸಲ ಹೊರಗೇ ನಿಂತಿದೆ. 2024ರಲ್ಲಿ ಬಾರ್ಸಿಲೋನಾದಲ್ಲಿ ಬಾಗಿಲವರೆಗೂ ಬರಲಿಲ್ಲ, ಬ್ರಿಟನ್ 7-4ರಲ್ಲಿ ತಡೆಯಿತು. ಆ ಬ್ರಿಟನ್ನನ್ನು ನ್ಯೂಜಿಲೆಂಡ್ 7-2ರಲ್ಲಿ ಮುಗಿಸಿತು. 2017, 2021, 2024, ಸಾಲಾಗಿ ಮೂರು. ನೀನು ಮರೆತಿರುವುದು ಇಲ್ಲೇ. ಇಟಲಿ ನೇಪಲ್ಸ್‌ನಲ್ಲಿ ಮೊದಲು ಬೇರೆ ಚಾಲೆಂಜರ್‌ಗಳನ್ನೆಲ್ಲ ಸೋಲಿಸಬೇಕು, ಆಮೇಲೆ ನ್ಯೂಜಿಲೆಂಡ್. ಎರಡು ಹೊಸ್ತಿಲು. ಹಾಲಿ ಚಾಂಪಿಯನ್‌ಗೆ ಒಂದೇ.

ಇನ್ನೊಂದು. ಈ ಸಲ ಹೊಸ ಮೈ ಕಟ್ಟುವ ಹಾಗಿಲ್ಲ, ಹೋದ ಸಲದ ಮೈಯನ್ನೇ ಬಳಸಬೇಕು. ಅಂದರೆ ನ್ಯೂಜಿಲೆಂಡ್‌ನವರ ಕೈಯಲ್ಲಿ 2024ರಲ್ಲಿ ಗೆದ್ದ ತೈಹೋರೋ ದೋಣಿ ಇದೆ. ಹೋದ ಸಲ ಹಾಯಿ ನಡೆಸುವ ಶಕ್ತಿಗೆ ದೋಣಿಯಲ್ಲೇ ಸೈಕಲ್ ತುಳಿಯುತ್ತಿದ್ದವರು ಹೋಗಿ ಬ್ಯಾಟರಿ ಬಂದಿದೆ, ದೋಣಿ ನಡೆಸುವವರು ಐದೇ ಜನ. ಕಾಲಿನ ಬಲ ಲೆಕ್ಕಕ್ಕಿಲ್ಲ. ಫಾಯಿಲ್, ಹಾಯಿ, ಅದನ್ನು ನಡೆಸುವ ಸಾಫ್ಟ್‌ವೇರ್, ಇವೇ ಎಲ್ಲ. ಬರ್ಲಿಂಗ್ ಒಬ್ಬನೇ ಅಷ್ಟನ್ನೂ ಜೇಬಲ್ಲಿ ಹಾಕಿಕೊಂಡು ಹೋಗೋಕೆ ಆಗುತ್ತಾ? ನನಗೆ ನಂಬಿಕೆ ಇಲ್ಲ. ಆದರೂ ಗಾಳಿ ಮಂದ ಇದ್ದರೆ ಇಟಲಿಯವರನ್ನು ಹಗುರವಾಗಿ ತೆಗೆದುಕೊಳ್ಳಬಾರದು, 2021ರಲ್ಲಿ ನನ್ನ ಬ್ರಿಟನ್‌ಗೆ ಬಿದ್ದ ಏಟು ಅಂಥದ್ದು.

ಅಂಕ ನೋಡಿ ತೀರ್ಮಾನ ಮಾಡೋರಿಗೆ 2013 ಒಂದು ಸಾಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನ್ಯೂಜಿಲೆಂಡ್ 8-1 ಮುಂದಿತ್ತು, ಇನ್ನೊಂದೇ ರೇಸ್. ಹದಿಮೂರನೇ ರೇಸಿನಲ್ಲಿ ಎಷ್ಟೋ ಮುಂದಿದ್ದರು. ಗಾಳಿ ಸತ್ತಿತು, 40 ನಿಮಿಷದ ಗಡುವು ಮೀರಿತು, ರೇಸ್ ರದ್ದು. ಕೊನೆಗೆ ಗೆದ್ದಿದ್ದು ಅಮೆರಿಕದ ಒರಾಕಲ್ ತಂಡ, 9-8. ನಾನು ರಾತ್ರಿಯೆಲ್ಲ ಎದ್ದು ನೋಡಿ ಮಾರನೇ ದಿನ ಕೆಲಸಕ್ಕೆ ರಜೆ ಹಾಕಿದೆ. ಜ್ವರ ಅಂತ ಹೇಳಿದ್ದೆ.

ಸರಿ, ನಿನ್ನ ದೋಣಿ. ಕಪ್ ಇತಿಹಾಸ ತಿರುಗಿದ್ದೇ ಒಂದು ಕೀಲ್‌ನಿಂದ, ಗೊತ್ತಲ್ಲ. 132 ವರ್ಷ ನ್ಯೂಯಾರ್ಕ್ ಯಾಟ್ ಕ್ಲಬ್ ಬಿಟ್ಟುಕೊಡದ ಕಪ್ಪನ್ನು 1983ರಲ್ಲಿ ಆಸ್ಟ್ರೇಲಿಯಾ-2 ದೋಣಿ ಕಿತ್ತುಕೊಂಡಿತು. ಬೆನ್ ಲೆಕ್ಸೆನ್ ಮಾಡಿದ ರೆಕ್ಕೆ ಕೀಲ್. ಯಾರೂ ನೋಡಬಾರದು ಅಂತ ದಡದಲ್ಲಿ ಅದಕ್ಕೆ ಸುತ್ತ ಬಟ್ಟೆ ಕಟ್ಟಿಡುತ್ತಿದ್ದರು. ನೀನು ಅದನ್ನೇ ಕೊಯ್ದು ಎಸೀತೀನಿ ಅಂತೀಯ.

ಫಾಯಿಲ್ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ. ವೇಗ ಅರ್ಧವಾದರೆ ಎತ್ತುವ ಬಲ ಕಾಲು ಭಾಗ. ಒಂದು ಮೀಟರಿನ ಮೈ ನೀರಲ್ಲಿ ಕೂತು ಹೋಗುವಾಗ ಗಂಟೆಗೆ ನಾಲ್ಕೂವರೆ ಕಿಲೋಮೀಟರ್ ಆಸುಪಾಸು, ನಡೆಯುವ ಮನುಷ್ಯನಷ್ಟು. ಅದರಲ್ಲಿ ಎತ್ತಬೇಕು ಅಂದರೆ ದೋಣಿ ಹತ್ತಿಯಷ್ಟು ಹಗುರ ಇರಬೇಕು. ಆರು ಟನ್ ಮೀರಿದ ಎಸಿ75 ದೋಣಿಗಳನ್ನೇ ಗಾಳಿ 6.5 ನಾಟ್‌ಗಿಂತ ಕೆಳಗಿದ್ದರೆ ರೇಸಿಗೆ ಬಿಡುತ್ತಿರಲಿಲ್ಲ. ಅವರಿಗೆ ಫಾಯಿಲ್ ತೋಳಿನ ಭಾರವೇ ಕೀಲಿನ ಕೆಲಸ ಮಾಡುತ್ತೆ. ಅಷ್ಟಾದರೂ 2021ರ ಜನವರಿ 17ರಂದು ಅಮೆರಿಕದ ಪೇಟ್ರಿಯಟ್ ದೋಣಿ ಮಗುಚಿ ಮೈ ತೂತಾಯಿತು, ಎದುರಾಳಿಗಳೆಲ್ಲ ಸೇರಿ ಮುಳುಗದ ಹಾಗೆ ಹಿಡಿದರು. ನಿನ್ನದು ಮಗುಚಿದರೆ ಹರಿಗೋಲಿನವರೇ ಗತಿ.

ಫಾಯಿಲ್ ಹುಚ್ಚು ಬಿಡಲ್ಲ ಅಂದರೆ ಬೇರೆ ಮೈ ಮಾಡು, ಥರ್ಮಾಕೋಲ್‌ದು, ಹೋದರೂ ನೂರಿನ್ನೂರು ರೂಪಾಯಿ. ಅದನ್ನೂ ಆಷಾಢದಲ್ಲಿ ಮಾತ್ರ ಬಿಡು. ಆಷಾಢದ ಗಾಳಿಯಲ್ಲಿ ಏನಾದರೂ ಆಗಬಹುದು, ಆದರೆ ಅದು ಬಿಟ್ಟು ಬಿಟ್ಟು ಬೀಸುತ್ತೆ, ಒಂದೇ ಸಮ ಇರಲ್ಲ. ಏರಿಯ ಮರೆಯಲ್ಲಿ ಬಿಡಬೇಡ, ಅಲ್ಲಿ ಗಾಳಿ ಸುತ್ತುತ್ತೆ.

ಹಳೇ ದೋಣಿಗೆ ನಾನು ಹೇಳೋದು ಇಷ್ಟೇ: ಕೀಲ್ ಉದ್ದ ಮಾಡು, ಬಲ್ಬ್ ಕೆಳಗಿಳಿಸು. ಐಒಎಂ ದೋಣಿ (ಒಂದು ಮೀಟರಿನ ರೇಸ್ ಮಾಡೆಲ್) ನೋಡು, ಕನಿಷ್ಠ ತೂಕ 4 ಕೆ.ಜಿ., ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫಿನ್ ಮತ್ತು ಬಲ್ಬಿನಲ್ಲೇ. ಸುಮ್ನೆ ಇಟ್ಟಿರೋದಲ್ಲ. ಸೀಸ ಪಂಕ್ಚರ್ ಅಂಗಡಿಯಲ್ಲಿ ಕೇಳು, ಚಕ್ರಕ್ಕೆ ಹೊಡೆಯುವ ಹಳೇ ತುಂಡು ಕೊಡ್ತಾರೆ. ಕರಗಿಸೋದು ಬಯಲಲ್ಲಿ, ಗಾಳಿ ಬೆನ್ನಿಗೆ ಇರಲಿ, ಹೊಗೆ ವಿಷ. ಅಚ್ಚು ಒಣಗಿರಬೇಕು, ಒಂದು ಹನಿ ನೀರಿದ್ದರೂ ಸಿಡಿಯುತ್ತೆ. ಅಡುಗೆ ಮನೆ ಪಾತ್ರೆ ಮುಟ್ಟಿದರೆ ನಿಮ್ಮಮ್ಮನ ಪರವಾಗಿ ನಾನೇ ಬೈಯ್ತೀನಿ.

ಅಂಟು ವಿಷಯದಲ್ಲಿ ಅವಸರ ಬೇಡ. ಫಿನ್ ಕೂರಿಸಲು ಅರಾಲ್ಡೈಟ್, ಅದರಲ್ಲೂ ನಿಧಾನವಾಗಿ ಒಣಗುವುದು. ಒಂದು ಇಡೀ ದಿನ ಮುಟ್ಟಬೇಡ. ಎಂ-ಸೀಲ್ ಗಟ್ಟಿ ಹೌದು, ಆದರೆ ಭಾರ, ನಮ್ಮ ಕೆಲಸಕ್ಕಲ್ಲ. ಫೆವಿಕ್ವಿಕ್ ಕೆರೆ ದಡದ ರಿಪೇರಿಗೆ ಮಾತ್ರ. ರಿಮೋಟ್‌ಗೆ ಫ್ಲೈಸ್ಕೈ ಕಂಪನಿಯದೇ ಸಾಕು, ದುಬಾರಿದು ತಗೊಂಡು ದೋಣಿ ಜೋರಾಗಿ ಹೋಗಿದ್ದನ್ನು ನಾನಂತೂ ಕಂಡಿಲ್ಲ. ದುಡ್ಡು ಹಾಕೋದಾದರೆ ಹಾಯಿಯ ದಾರ ಎಳೆಯುವ ವಿಂಚ್‌ಗೆ ಹಾಕು. ಹೆಸರಿಲ್ಲದ ವಿಂಚ್ ಒಂದು ತಂದು ಕೆರೆ ಮಧ್ಯೆ ಹಲ್ಲು ಸವೆದು ಹಾಯಿ ಬಿಚ್ಚಿಕೊಂಡೇ ನಿಂತಿತ್ತು. ರಿಸೀವರನ್ನು ಬಲೂನಿನಲ್ಲಿ ಹಾಕಿ ಬಾಯಿ ಕಟ್ಟು, ಎರಡು ರೂಪಾಯಿ ಕೆಲಸ. ಆ ಭಾನುವಾರ ನಾನು ಕಟ್ಟಿರಲಿಲ್ಲ.

ಹಾಯಿಗೆ ಕೊಡೆ ಬಟ್ಟೆ ಬೇಡ, ಹಿಗ್ಗುತ್ತೆ. ಡ್ರಾಫ್ಟಿಂಗ್ ಫಿಲ್ಮ್ (ನಕ್ಷೆ ಬರೆಯುವ ಪ್ಲಾಸ್ಟಿಕ್ ಹಾಳೆ) ಸಿಕ್ಕರೆ ಅದೇ ಒಳ್ಳೇದು. ನೀನು ಬಟ್ಟೆ ತರಿಸಿಬಿಟ್ಟಿದ್ದರೆ ಬಿ ರಿಗ್‌ಗೆ (ಜೋರು ಗಾಳಿಯ ಸಣ್ಣ ಹಾಯಿಗೆ) ಇಟ್ಟುಕೋ.

ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ, ಕೋಲಾರದ ಕಡೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಕೆರೆ ತುಂಬಿರೋದೇನೋ ನಿಜ. ಅಂತರಗಂಗೆ ಇರೋ ಕೆರೆಗೆ ಮಾತ್ರ ಬಿಡಬೇಡ. ಕೋಲಾರದ ಬೆಟ್ಟ ಅಲ್ಲಪ್ಪ, ಕೆರೆ ಮೇಲೆ ಹಬ್ಬುತ್ತಲ್ಲ, ಆ ಗಿಡ. ಉದ್ದ ಕೀಲ್‌ಗೆ ಅದು ಸಿಕ್ಕಿದರೆ ಲಂಗರು ಹಾಕಿದ ಹಾಗೆ. ಫಿನ್ನಿನ ಮುಂದಿನ ಅಂಚು ಹಿಂದಕ್ಕೆ ಓರೆ ಇದ್ದರೆ ಕಳೆ ಜಾರಿ ಹೋಗುತ್ತೆ, ನೆಟ್ಟಗಿದ್ದರೆ ನೇತಾಡುತ್ತೆ. ಈ ಓರೆ ಬಗ್ಗೆ ಬೆಂಗಳೂರಿನವರು ಒಪ್ಪಲ್ಲ, ವೇಗ ಹೋಗುತ್ತೆ ಅಂತಾರೆ. ಅವರು ನಮ್ಮ ಕೆರೆಗಳಲ್ಲಿ ಬಿಟ್ಟು ನೋಡಲಿ.

ಭಾನುವಾರ ಬೆಳಿಗ್ಗೆ ಏಳಕ್ಕೆ ಮೈದಾಳ ಏರಿಗೆ ಬಾ, ದೋಣಿ ಹೇಗಿದೆಯೋ ಹಾಗೇ ತಗೊಂಡು ಬಾ. ನನ್ನ ಅಟ್ಟದ ಮೇಲಿನ ಕೀಲ್ ತರ್ತೀನಿ, ನಿನ್ನ ಬಾಕ್ಸಿಗೆ ಕೂರುತ್ತಾ ನೋಡೋಣ. ಕೂತರೆ ಇಟ್ಟುಕೋ.

ನೇಪಲ್ಸ್ ಪಂಥಕ್ಕೆ ನಾನು ರೆಡಿ. ನಿನ್ನದು ಇಟಲಿ, ನನ್ನದು ನ್ಯೂಜಿಲೆಂಡ್, ಸೋತವರು ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ. ಒಪ್ಪಿಗೆ ಅಂದರೆ ಕೆಳಗೆ ಬರಿ. ಏಳು ತಿಂದ ಆ ಮಹಾಶಯ ಈ ಸಲ ತನ್ನ ಬಿಲ್ ತಾನೇ ಕೊಡಬೇಕು, ಅದನ್ನೂ ಸೇರಿಸಿ ಬರಿ.