ಅಪ್ಪನ ಷಷ್ಟಿಪೂರ್ತಿಗೆ ಪ್ರೊಜೆಕ್ಟರ್ ಕೊಳ್ಳಬೇಡಿ, ವೈರ್ ಇಲ್ಲದ ಕನೆಕ್ಷನ್ನೂ ಬೇಡ

ಮುಂದಿನ ತಿಂಗಳು ಮಂಟಪದಲ್ಲಿ ಅಪ್ಪನ ಷಷ್ಟಿಪೂರ್ತಿ, ಹಳೇ ಫೋಟೋ ತೋರಿಸಬೇಕು, ಹದಿನೈದು ಸಾವಿರದೊಳಗೆ ಯಾವ ಪ್ರೊಜೆಕ್ಟರ್ ಕೊಳ್ಳಲಿ, ಫೋನಿನಿಂದ ವೈರ್ ಇಲ್ಲದೆ ಕನೆಕ್ಟ್ ಆಗುತ್ತಾ ಅಂತ ಕೇಳಿದ್ದೀರಿ. ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮಪ್ಪನ ಅರವತ್ತು 2019ರಲ್ಲಿ ಆಯಿತು. ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮಂಟಪ, ಗಾಂಧಿ ಬಜಾರಿಗೆ ನಡೆದು ಹೋಗುವಷ್ಟು ಹತ್ತಿರ. ಇನ್ನೂರು ಜನ.

ನನಗೆ ಫೋಟೋಗಿಂತ ಮುಖ್ಯವಾಗಿದ್ದದ್ದು ಒಂದು ವಿಡಿಯೋ. ನಮ್ಮ ದೊಡ್ಡಪ್ಪ ತಿಪಟೂರಿನ ಹತ್ತಿರ ತೋಟದ ಮನೆಯಲ್ಲಿದ್ದರು. ಅವರು ತೀರಿಕೊಳ್ಳುವ ಕೆಲವು ತಿಂಗಳ ಮುಂಚೆ ನನ್ನ ತಂಗಿ ಅವರನ್ನು ಜಗಲಿ ಮೇಲೆ ಕೂರಿಸಿ ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದಳು. ನಾಲ್ಕು ನಿಮಿಷ. ಅಪ್ಪ ಏಳನೇ ಕ್ಲಾಸಿನಲ್ಲಿ ಶಾಲೆ ಬಿಡ್ತೀನಿ ಅಂತ ಹಟ ಹಿಡಿದಾಗ, ದಿನಾ ಬೆಳಗ್ಗೆ ಸೈಕಲ್ ಹಿಂದೆ ಕೂರಿಸಿಕೊಂಡು ಶಾಲೆ ಬಾಗಿಲಿಗೆ ಬಿಟ್ಟು ಬರುತ್ತಿದ್ದ ಕತೆ ಅದು. ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಅದು ಇರೋದೇ ಗೊತ್ತಿರಲಿಲ್ಲ. ಅಪ್ಪ ನೋಡಬೇಕು ಅನ್ನೋದು ಒಂದು. ಅದಕ್ಕಿಂತ ಜಾಸ್ತಿ, ಅಜ್ಜಿ ನೋಡಬೇಕು ಅಂತ ಆಸೆ. ಅಜ್ಜಿಗೆ ಆಗ 86. ಫೋನಿನ ಪರದೆ ಅವರಿಗೆ ಬರೀ ಹೊಳೆಯೋ ಚೌಕ. ಎಂಟು ಅಡಿ ಪರದೆ ಮೇಲಾದರೆ ಮಗನ ಮುಖ ಕಾಣುತ್ತೆ ಅಂತಲೇ ನಾನು ಪ್ರೊಜೆಕ್ಟರ್ ಯೋಚನೆ ಮಾಡಿದ್ದು.

ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಅದು ನಾನು ಮಾಡಿದ ಒಳ್ಳೇ ಕೆಲಸ, ಆ ವಿಷಯಕ್ಕೆ ಆಮೇಲೆ ಬರ್ತೀನಿ. ಕೆಟ್ಟ ಕೆಲಸ ಏನು ಅಂದರೆ, ಲ್ಯಾಪ್‌ಟಾಪ್ ಸ್ಟೇಜ್ ಮೇಲೇ ಇರಬೇಕು ಅಂತ ತೀರ್ಮಾನ ಮಾಡಿದ್ದು. ಅಪ್ಪ ಅಮ್ಮನ ಪಕ್ಕ ನಿಂತು, ಒಂದೊಂದು ಫೋಟೋ ಬಂದಾಗ ಇದು ಎಲ್ಲಿ, ಇದರಲ್ಲಿ ಯಾರ್ಯಾರು ಅಂತ ನಾನೇ ಹೇಳಬೇಕು ಅನ್ನೋ ಆಸೆ. ಪ್ರೊಜೆಕ್ಟರ್ ಇರೋದು ಹಾಲ್ ನಡುವೆ ಟೇಬಲ್ ಮೇಲೆ. ಎರಡಕ್ಕೂ ನಡುವೆ ಗೋಡೆ ಬದಿಯಿಂದ ಸುತ್ತಿ ಬಂದರೆ ಹದಿನೈದು ಮೀಟರ್. ಅದಕ್ಕೇ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್.ಪಿ. ರೋಡಿಗೆ ಹೋಗಿ 15 ಮೀಟರ್ ಎಚ್‌ಡಿಎಂಐ ಕೇಬಲ್ ತಂದೆ, ಚಿತ್ರ ಸೌಂಡ್ ಎರಡನ್ನೂ ಒಯ್ಯೋ ಕೇಬಲ್ ಅದು. ಒಳ್ಳೇ ಕೇಬಲ್ಲೇ. ಒಳಗೆ ತಾಮ್ರದ ಬದಲು ಆಪ್ಟಿಕಲ್ ಫೈಬರ್, ಅಂದರೆ ಬೆಳಕು ಸಾಗೋ ಎಳೆ, ಇರೋದು. ಹಿಂದಿನ ರಾತ್ರಿ ಮನೆಯಲ್ಲಿ ಟಿವಿಗೆ ಹಾಕಿ ನೋಡಿದೆ. ಚಿತ್ರ ಚೆನ್ನಾಗಿ ಬಂತು. ನೆಮ್ಮದಿಯಾಗಿ ಮಲಗಿದೆ.

ಬೆಳಗ್ಗೆ ಆರೂವರೆಗೆ ಮಂಟಪಕ್ಕೆ ಹೋದೆ. ಡೆಕೊರೇಷನ್ ಹುಡುಗರು ಕಾರ್ಪೆಟ್ ಹಾಸೋಕೆ ಕಾಯುತ್ತಿದ್ದರು. ಬೇಗ ಬೇಗ ಅಂದರು. ಕೇಬಲ್ ಸುರುಳಿಯಲ್ಲಿ ಹೊರಗಡೆ ಇದ್ದ ತುದಿಯನ್ನು ಪ್ರೊಜೆಕ್ಟರ್ ಟೇಬಲ್ಲಿಗೆ ಕಟ್ಟಿದೆ, ಬಿಡಿಸಿಕೊಂಡು ಸ್ಟೇಜ್ ತನಕ ಬಂದೆ, ದಾರಿಯುದ್ದಕ್ಕೂ ಟೇಪ್ ಅಂಟಿಸಿದೆ. ಅದರ ಮೇಲೆ ಕಾರ್ಪೆಟ್ ಬಂತು. ಕಾರ್ಪೆಟ್ ಮೇಲೆ ಕುರ್ಚಿಗಳು ಬಂದವು. ಸ್ಟೇಜ್ ಅಂಚಿಗೆ ಸೇವಂತಿಗೆ ಮಾಲೆ ಕಟ್ಟಿದರು. ಪುರೋಹಿತರು ಬಂದು ಕಲಶ ಇಟ್ಟರು. ಪ್ರೊಜೆಕ್ಟರ್ ಆನ್ ಮಾಡಿ ನೋಡೋಣ ಅಂದುಕೊಂಡೆ, ಅಷ್ಟರಲ್ಲಿ ಯಾರೋ ಕಾಫಿಗೆ ಕರೆದರು. ರಾತ್ರಿ ನೋಡಿದ್ದೀನಲ್ಲ ಅಂತ ಬಿಟ್ಟೆ.

ಹನ್ನೆರಡಕ್ಕೆ ಆಶೀರ್ವಾದ ಮುಗಿಯಿತು. ಆನ್ ಮಾಡಿದೆ. ನೀಲಿ ಪರದೆ, ನೋ ಸಿಗ್ನಲ್.

ಮುಂದಿನ ಎರಡು ಗಂಟೆ ನಾನು ಏನೇನು ಮಾಡಿದೆ ಗೊತ್ತಾ? ಪ್ರೊಜೆಕ್ಟರಿನ ಸೋರ್ಸ್ ಬಟನ್ ಒತ್ತಿ ಎಚ್‌ಡಿಎಂಐ 1, ಎಚ್‌ಡಿಎಂಐ 2 ಅಂತ ಬದಲಾಯಿಸಿದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಹಾಕಿದೆ, ಎಕ್ಸ್‌ಟೆಂಡ್ ಹಾಕಿದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ. ರೆಸಲ್ಯೂಷನ್ ಇಳಿಸಿದೆ. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿ ಕೆಟ್ಟ ಮೆಷಿನ್ ಕೊಟ್ಟಿದ್ದೀರಿ ಅಂತ ರೇಗಿದೆ. ಅವರದು ಏನೂ ತಪ್ಪಿರಲಿಲ್ಲ, ಆಮೇಲೆ ಹೋಗಿ ಕ್ಷಮೆ ಕೇಳಿದೆ. ಊಟಕ್ಕೆ ಎಲೆ ಹಾಕಿದರು. ಅಜ್ಜಿ ಎರಡು ಸಲ ಕೇಳಿದರು, ಏನೋ ತೋರಿಸ್ತೀನಿ ಅಂದಿದ್ದೆಯಲ್ಲ ಮಗಾ ಅಂತ. ಎರಡೂವರೆಗೆ ಅವರಿಗೆ ಕೂರೋಕೆ ಆಗಲಿಲ್ಲ, ಅತ್ತೆ ಮನೆಗೆ ಕರೆದುಕೊಂಡು ಹೋದರು.

ಮೂರು ಗಂಟೆಗೆ ಮೈಕ್ ಸೆಟ್ ಹುಡುಗ ವೈರ್ ಸುತ್ತುತ್ತಾ ಬಂದ. ಪ್ರೊಜೆಕ್ಟರ್ ಕಡೆಯ ತುದಿ ಕಿತ್ತು, ಫೋನ್ ಟಾರ್ಚ್ ಹಾಕಿ ನೋಡಿದ. 'ಸಾರ್, ಇದು ಒನ್ ವೇ ಕೇಬಲ್. ಉಲ್ಟಾ ಎಳೆದಿದ್ದೀರಿ' ಅಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿ ಸೆಟ್‌ಟಾಪ್ ಬಾಕ್ಸಿಗೆ ಹಾಕೋ ಒಂದೂವರೆ ಮೀಟರ್ ಎಚ್‌ಡಿಎಂಐ ಕೇಬಲ್ ಇದೆಯಲ್ಲ, ಅದರಲ್ಲಿ ಇರೋದು ಬರೀ ತಾಮ್ರದ ತಂತಿ. ಯಾವ ತುದಿ ಎಲ್ಲಿಗೆ ಹಾಕಿದರೂ ನಡೆಯುತ್ತೆ. ಹಾಗಾಗಿ ಎಚ್‌ಡಿಎಂಐಗೆ ದಿಕ್ಕಿದೆ ಅನ್ನೋದೇ ನಮಗೆ ಹೊಳೆಯೋದಿಲ್ಲ. ಆದರೆ ತಂತಿ ಉದ್ದ ಆದಷ್ಟೂ ಸಿಗ್ನಲ್ ಸೊರಗುತ್ತೆ. ಅದಕ್ಕೇ ಉದ್ದದ ಕೇಬಲ್‌ಗಳಲ್ಲಿ ಎಷ್ಟೋ ಕೇಬಲ್‌ಗಳ ತುದಿಯೊಳಗೆ ಸಿಗ್ನಲ್ಲಿಗೆ ಬಲ ಕೊಡೋ ಚಿಪ್ ಇರುತ್ತೆ. ಫೈಬರ್ ಕೇಬಲ್ ಆದರಂತೂ ಲ್ಯಾಪ್‌ಟಾಪ್ ಕಡೆಯ ತುದಿಯಲ್ಲಿ ಪುಟ್ಟ ಲೇಸರ್ ಇರುತ್ತೆ, ಅದು ಚಿತ್ರದ ಸಿಗ್ನಲ್ಲನ್ನು ಬೆಳಕು ಮಾಡಿ ಕಳಿಸುತ್ತೆ. ಪ್ರೊಜೆಕ್ಟರ್ ಕಡೆಯ ತುದಿಯಲ್ಲಿ ಆ ಬೆಳಕನ್ನು ಹಿಡಿದು ಮತ್ತೆ ಕರೆಂಟಿನ ಸಿಗ್ನಲ್ ಮಾಡೋ ಸೆನ್ಸರ್ ಇರುತ್ತೆ. ಕಳಿಸೋ ತುದಿ ಬೇರೆ, ತಗೊಳ್ಳೋ ತುದಿ ಬೇರೆ. ಅದಲು ಬದಲು ಮಾಡಿದರೆ ಲ್ಯಾಪ್‌ಟಾಪ್ ಮಾತಾಡ್ತಿರೋದು ತಗೊಳ್ಳೋ ತುದಿಯ ಜೊತೆ. ಪ್ರೊಜೆಕ್ಟರಿಗೆ ಏನೂ ಬರೋದಿಲ್ಲ. ಏನೂ ಸುಡೋದಿಲ್ಲ, ವಾಸನೆ ಬರೋದಿಲ್ಲ, ತಪ್ಪು ಅಂತ ಯಾವ ಸೂಚನೆಯೂ ಇಲ್ಲ. ಬರೀ ನೋ ಸಿಗ್ನಲ್. ಮನೆಯಲ್ಲಿ ಅಕಸ್ಮಾತ್ ಸರಿಯಾದ ತುದಿಗೆ ಹಾಕಿದ್ದೆ. ಮಂಟಪದಲ್ಲಿ ಅಕಸ್ಮಾತ್ ಉಲ್ಟಾ ಆಯಿತು. ರಾತ್ರಿ ಸರಿಯಾಗಿ ಬಂದಿತ್ತಲ್ಲ, ಅದಕ್ಕೇ ಕೇಬಲ್ ಮೇಲೆ ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ಎರಡೂ ತುದಿಯ ಮೇಲೆ ಸೋರ್ಸ್, ಡಿಸ್‌ಪ್ಲೇ ಅಂತ ಇಂಗ್ಲಿಷಿನಲ್ಲಿ ಬರೆದೇ ಇತ್ತು. ಕಪ್ಪು ಪ್ಲಾಸ್ಟಿಕ್ ಮೇಲೆ ಉಬ್ಬು ಅಕ್ಷರ, ನಾನು ಓದಿರಲಿಲ್ಲ. ಸೋರ್ಸ್ ಅಂದರೆ ಲ್ಯಾಪ್‌ಟಾಪ್ ಕಡೆ. ಡಿಸ್‌ಪ್ಲೇ ಅಥವಾ ಟಿವಿ ಅಂದರೆ ಪ್ರೊಜೆಕ್ಟರ್ ಕಡೆ.

ಕಾರ್ಪೆಟ್ ಎತ್ತಿ ಕೇಬಲ್ ತಿರುಗಿಸೋ ಹಾಗಿರಲಿಲ್ಲ. ಆ ಹುಡುಗ ಪ್ರೊಜೆಕ್ಟರ್ ಬ್ಯಾಗಿನ ಸೈಡ್ ಜಿಪ್ ತೆಗೆದ. ಒಂದೂವರೆ ಮೀಟರಿನ ಸಾಧಾರಣ ಕೇಬಲ್ ಅಲ್ಲೇ ಇತ್ತು. ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಪ್ರೊಜೆಕ್ಟರ್ ಪಕ್ಕ ಇಟ್ಟು ಅದನ್ನು ಸಿಕ್ಕಿಸಿದ. ಹತ್ತು ಸೆಕೆಂಡಿನಲ್ಲಿ ಚಿತ್ರ ಬಂತು. ದೊಡ್ಡಪ್ಪ ಜಗಲಿ ಮೇಲೆ ಕೂತಿದ್ದರು. ಹಾಲ್‌ನಲ್ಲಿ ಮೂವತ್ತು ಜನ ಇದ್ದರು. ಅಪ್ಪ ನೋಡಿದರು. ಅಜ್ಜಿಯ ಕುರ್ಚಿ ಖಾಲಿ.

ಹಾಗಾಗಿ ನಿಮಗೆ ನನ್ನ ಮೊದಲ ಮಾತು: ಲ್ಯಾಪ್‌ಟಾಪ್ ಪ್ರೊಜೆಕ್ಟರ್ ಪಕ್ಕದಲ್ಲೇ ಇಡಿ. ಗಿಡ್ಡ ಕೇಬಲ್ ಹಾಕಿ. ನೀವು ಸ್ಟೇಜ್ ಮೇಲೆ ನಿಲ್ಲಬೇಕು ಅಂದರೆ ಸ್ಲೈಡ್ ಬದಲಿಸೋ ಕ್ಲಿಕ್ಕರ್ ಕೊಳ್ಳಿ, ಅದರ ಪುಟ್ಟ ರಿಸೀವರ್ ಯುಎಸ್‌ಬಿಯಲ್ಲಿ ಕೂರುತ್ತೆ. ಅಥವಾ ತಮ್ಮನೋ ತಂಗಿಯೋ ಲ್ಯಾಪ್‌ಟಾಪ್ ಮುಂದೆ ಕೂರಲಿ. ಇದು ಇನ್ನೂ ಒಳ್ಳೇದು.

ಫೋನಿನಿಂದ ವೈರ್ ಇಲ್ಲದೆ ಅನ್ನೋದನ್ನು ದಯವಿಟ್ಟು ಮರೆತುಬಿಡಿ. ಮನೆಯ ಬೆಡ್‌ರೂಮಿನಲ್ಲಿ ಅದು ನಡೆಯುತ್ತೆ. ಇನ್ನೂರು ಫೋನ್ ಇರೋ ಹಾಲ್‌ನಲ್ಲಿ ಕನೆಕ್ಷನ್ ತೊದಲುತ್ತೆ, ಫೋಟೋ ಅರ್ಧಕ್ಕೆ ನಿಲ್ಲುತ್ತೆ, ನಡುವೆ ಚಿಕ್ಕಪ್ಪನ ಕಾಲ್ ಬಂದರೆ ಪರದೆ ಮೇಲೆ ಅವರ ಹೆಸರು. ಫೋನಿಗೆ ಟೈಪ್ ಸಿ ಯಿಂದ ಎಚ್‌ಡಿಎಂಐ ಅಡಾಪ್ಟರ್ ಹಾಕ್ತೀನಿ ಅಂತ ಹೋಗಬೇಡಿ. ಎಷ್ಟೋ ಫೋನ್‌ಗಳ ಟೈಪ್ ಸಿ ಕಿಂಡಿಯಿಂದ ಚಿತ್ರ ಹೊರಗೆ ಬರೋದೇ ಇಲ್ಲ, ಚಾರ್ಜು ಮತ್ತು ಫೈಲ್ ಮಾತ್ರ. ಕೆಲವು ಲ್ಯಾಪ್‌ಟಾಪ್‌ಗಳದ್ದೂ ಹಾಗೇ. ಎಚ್‌ಡಿಎಂಐ ಕಿಂಡಿಯೇ ಇರೋ ಲ್ಯಾಪ್‌ಟಾಪ್ ಯಾರದ್ದಾದರೂ ಒಂದು ದಿನಕ್ಕೆ ಕೇಳಿ ತನ್ನಿ. ಫೋಟೋ, ವಿಡಿಯೋ, ಹಾಡು ಎಲ್ಲಾ ಅದರೊಳಗೇ ಕಾಪಿ ಮಾಡಿ. ಸಿನಿಮಾ ಆಪ್‌ನಿಂದ ಹಾಡು ಹಾಕೋ ಯೋಚನೆ ಇದ್ದರೆ ಬಿಡಿ, ಕಾಪಿ ತಡೆಯೋ ವ್ಯವಸ್ಥೆ ಇರೋದರಿಂದ ಪರದೆ ಬರೀ ಕಪ್ಪಗೆ ಕೂರಬಹುದು.

ಇನ್ನು ಕೊಳ್ಳೋ ವಿಷಯ. ಒಂದು ದಿನದ ಕಾರ್ಯಕ್ರಮಕ್ಕೆ ಕೊಳ್ಳಲೇಬೇಡಿ. ನೀವು ಹೇಳಿದ ಹದಿನೈದು ಸಾವಿರದೊಳಗೆ ಸಿಗೋ ಪುಟ್ಟ ಪ್ರೊಜೆಕ್ಟರ್‌ಗಳ ಡಬ್ಬದ ಮೇಲೆ ಎಂಟು ಸಾವಿರ, ಹತ್ತು ಸಾವಿರ ಲುಮೆನ್ ಅಂತ ಬರೆದಿರುತ್ತಾರೆ. ಲುಮೆನ್ ಅಂದರೆ ಬೆಳಕಿನ ಅಳತೆ. ಅದನ್ನು ನಂಬಬೇಡಿ. ಆನ್ಸಿ ಲುಮೆನ್ ಎಷ್ಟು ಅಂತ ಕೇಳಿ. ಆನ್ಸಿ ಅಂದರೆ ಪರದೆಯನ್ನು ಒಂಬತ್ತು ಭಾಗ ಮಾಡಿ, ಪ್ರತಿ ಭಾಗದ ಬೆಳಕು ಅಳೆದು, ಸರಾಸರಿ ತೆಗೆದು ಲೆಕ್ಕ ಹಾಕೋ ಕ್ರಮ. ಆ ಲೆಕ್ಕ ಹಾಕಿದರೆ ಪುಟ್ಟ ಪ್ರೊಜೆಕ್ಟರ್‌ಗಳು ಎಷ್ಟೋ ಸಲ ಕೆಲವೇ ನೂರಕ್ಕೆ ಇಳಿಯುತ್ತವೆ. ಮಂಟಪದಲ್ಲಿ ಹಗಲು ಹೊತ್ತು ಕಿಟಕಿ ಬೆಳಕು, ಮೇಲೆ ಟ್ಯೂಬ್‌ಲೈಟು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡೋಕೆ ಬರೋದಿಲ್ಲ, ಅಲ್ವಾ? ಬೆಳಕು ಬೀಳದ ಜಾಗವೇ ಕಪ್ಪು. ಹಾಲ್ ಬೆಳಕು ಪರದೆ ಮೇಲೆ ಬಿದ್ದರೆ ನಿಮ್ಮ ಅಪ್ಪನ ಕಪ್ಪು ಬಿಳುಪು ಮದುವೆ ಫೋಟೋ ಬೂದಿ ಬಣ್ಣಕ್ಕೆ ತಿರುಗುತ್ತೆ. 4000 ಆನ್ಸಿ ಲುಮೆನ್ ಇರೋದನ್ನು ಬಾಡಿಗೆಗೆ ತನ್ನಿ, ಪರದೆ ಸಮೇತ. ಸ್ಟೇಜ್ ಮೇಲಿನ ಲೈಟ್ ಮಾತ್ರ ಆರಿಸೋಕೆ ಆಗುತ್ತಾ ಅಂತ ಮಂಟಪದವರನ್ನು ಕೇಳಿ. ಎಲ್ಲಾ ಲೈಟಿಗೂ ಒಂದೇ ಸ್ವಿಚ್ಚು ಇರೋ ಹಾಲ್‌ಗಳಿವೆ.

ದೂರದ ಲೆಕ್ಕ ಸುಲಭ. ಬಾಡಿಗೆಯವರನ್ನು ಥ್ರೋ ರೇಷಿಯೋ ಎಷ್ಟು ಅಂತ ಕೇಳಿ, ಅಂದರೆ ಚಿತ್ರದ ಅಗಲದ ಎಷ್ಟು ಪಟ್ಟು ದೂರದಲ್ಲಿ ಪ್ರೊಜೆಕ್ಟರ್ ಇಡಬೇಕು ಅನ್ನೋ ಲೆಕ್ಕ. 1.5 ಅಂದರೆ, ಎಂಟು ಅಡಿ ಅಗಲದ ಚಿತ್ರಕ್ಕೆ ಪ್ರೊಜೆಕ್ಟರ್ ಹನ್ನೆರಡು ಅಡಿ ದೂರ ಇರಬೇಕು. ಪರದೆಗೆ ನೇರ ಎದುರಿಗೆ ಇಡಿ. ಓರೆಯಾಗಿಟ್ಟು ಕೀಸ್ಟೋನ್ ಬಟನ್‌ನಿಂದ ಸರಿ ಮಾಡೋದು ನನಗೆ ಇಷ್ಟವಿಲ್ಲ, ಚಿತ್ರವನ್ನು ಹಿಂಡಿ ಚೌಕ ಮಾಡೋದರಿಂದ ಚೂಪು ಹೋಗುತ್ತೆ. ಟೇಬಲ್ ಎತ್ತರವನ್ನೇ ಸರಿಮಾಡಿ.

ಸೌಂಡ್ ಮರೆಯಬೇಡಿ. ಎಚ್‌ಡಿಎಂಐ ಸಿಕ್ಕಿಸಿದ ಕೂಡಲೇ ಎಷ್ಟೋ ಸಲ ಲ್ಯಾಪ್‌ಟಾಪ್ ಸೌಂಡನ್ನೂ ಪ್ರೊಜೆಕ್ಟರಿಗೇ ಕಳಿಸುತ್ತೆ, ಅದರ ಪುಟ್ಟ ಸ್ಪೀಕರ್ ಇನ್ನೂರು ಜನಕ್ಕೆ ಕೇಳಿಸೋದಿಲ್ಲ. ಲ್ಯಾಪ್‌ಟಾಪ್ ಪರದೆ ಮೂಲೆಯ ಸ್ಪೀಕರ್ ಗುರುತು ಒತ್ತಿ ಹೆಡ್‌ಫೋನ್ ಅಂತ ಬದಲಿಸಿ, ಹೆಡ್‌ಫೋನ್ ಕಿಂಡಿಯಿಂದ ಮೈಕ್ ಸೆಟ್‌ಗೆ ವೈರ್ ಕೊಡಿ. ಆ ವೈರ್ ತರೋಕೆ ಮೈಕ್ ಸೆಟ್‌ನವರಿಗೆ ಮೊದಲೇ ಹೇಳಿರಿ. ಇನ್ನೊಂದು, ಎಲ್‌ಇಡಿ, ಲೇಸರ್ ಅಲ್ಲದೆ ಹಳೇ ಥರದ ಲ್ಯಾಂಪ್ ಇರೋ ಪ್ರೊಜೆಕ್ಟರ್ ಆದರೆ ನಡುವೆ ಕರೆಂಟ್ ಹೋಗಿ ಬಂದರೂ ಬಿಸಿ ಲ್ಯಾಂಪ್ ತಕ್ಷಣ ಹತ್ತೋದಿಲ್ಲ, ತಣ್ಣಗಾಗೋಕೆ ಕೆಲವು ನಿಮಿಷ ಬೇಕು. ಆ ಹೊತ್ತಿನಲ್ಲಿ ಬಟನ್ ಒತ್ತುತ್ತಾ ಗಾಬರಿಯಾಗಬೇಡಿ. ಮುಗಿದ ಮೇಲೆ ಫ್ಯಾನ್ ನಿಲ್ಲೋ ತನಕ ಪ್ಲಗ್ ಕೀಳಬೇಡಿ.

ಟೆಸ್ಟ್ ಮಾಡೋದು ಮನೆಯಲ್ಲಲ್ಲ, ಆ ಮಂಟಪದಲ್ಲೇ, ಅದೇ ಕೇಬಲ್, ಅದೇ ಲ್ಯಾಪ್‌ಟಾಪ್, ಅದೇ ಪ್ರೊಜೆಕ್ಟರ್ ಇಟ್ಟುಕೊಂಡು. ಮಂಟಪ ಹಿಂದಿನ ಸಂಜೆಯೇ ಕೈಗೆ ಸಿಗುತ್ತೆ ಅಂದರೆ ಆಗಲೇ ಮಾಡಿ. ಇಲ್ಲ ಅಂದರೆ ಬೆಳಗ್ಗೆ ಕಾರ್ಪೆಟ್ ಹಾಸೋ ಮೊದಲು. ಡೆಕೊರೇಷನ್‌ನವರು ಗಡಿಬಿಡಿ ಮಾಡಿದರೆ ಐದು ನಿಮಿಷ ನಿಲ್ಲಿ ಅನ್ನಿ, ಪರದೆ ಮೇಲೆ ಚಿತ್ರ ಬರೋ ತನಕ ಬಿಡಬೇಡಿ.

ಅಜ್ಜಿಗೆ ಆ ವಿಡಿಯೋ ಆಮೇಲೆ ಮನೆಯ ಟಿವಿಯಲ್ಲಿ ಹಾಕಿ ತೋರಿಸಿದೆವು. ನಮ್ಮದು ಆಗ 32 ಇಂಚಿನ ಟಿವಿ. ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಧ್ವನಿ ಗುರುತು ಹಿಡಿದರು, ಅವನೇ ಅಂದರು. ಮುಖ ಮಾತ್ರ ಕಾಣಲಿಲ್ಲ. ನಿಮ್ಮ ಮನೆಯಲ್ಲೂ ಅಷ್ಟು ವಯಸ್ಸಾದವರು ಇದ್ದರೆ, ಅವರು ನೋಡಬೇಕಾದ್ದನ್ನು ಮೊದಲ ಫೈಲಾಗಿ ಇಡಿ. ಅವರ ಕುರ್ಚಿ ಮುಂದಿನ ಸಾಲಿನಲ್ಲಿರಲಿ. ಊಟಕ್ಕೆ ಮೊದಲೇ ತೋರಿಸಿಬಿಡಿ.