ಹೇಸಿಗೆ ಎಲ್ಲಿಗೆ ಹೋಯಿತು?

ನಮಸ್ಕಾರ.

ನೀವು ಕಳಿಸಿದ ಲಂಡನ್ ಒಳಚರಂಡಿಯ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ತಿದ್ದಿ ಕಳಿಸಿ ಅನ್ನುವಷ್ಟು ಸರಕು ಇದರಲ್ಲಿದೆ.

ಮೊದಲ ಮೂರು ಪುಟ ತೆಗೆದುಬಿಡಿ. ಹರಪ್ಪದಲ್ಲಿ ಹೊರಟು, ರೋಮ್ ಸುತ್ತಿ, ಲಂಡನ್ ಮುಟ್ಟುವಷ್ಟರಲ್ಲಿ ನನ್ನ ಎರಡು ಲೋಟ ಕಾಫಿ ಮುಗಿದಿತ್ತು. ಕಥೆ ಶುರುವಾಗುವುದೇ ನಾಲ್ಕನೇ ಪುಟದಲ್ಲಿ. 1858ರ ಬೇಸಿಗೆ. ಥೇಮ್ಸ್ ನದಿ ಗಬ್ಬು ನಾರುತ್ತಿದೆ. ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿದ್ದಾರೆ. ಅಲ್ಲಿಂದಲೇ ಹಿಡಿಯಿರಿ.

ಈ ಒಳಚರಂಡಿಯ ಎಂಜಿನಿಯರ್ ಬ್ಯಾಜಲ್ಜೆಟ್ ಬಗ್ಗೆ ‘ಕಾಲರಾ ರೋಗಾಣುವನ್ನು ಸೋಲಿಸಲು ಬ್ಯಾಜಲ್ಜೆಟ್ ಚರಂಡಿ ಕಟ್ಟಿದರು’ ಎಂದಿದ್ದೀರಿ. ಇದು ತಪ್ಪು. ನಾತದಿಂದಲೇ ರೋಗ ಬರುತ್ತದೆ ಅಂತ ಆಗ ಹೆಚ್ಚಿನವರು ನಂಬಿದ್ದರು. ಕಾಲರಾ ನೀರಿನಿಂದ ಹರಡುತ್ತದೆ ಎಂದು ವೈದ್ಯ ಜಾನ್ ಸ್ನೋ 1854ರಲ್ಲೇ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಕುಡಿಯುವ ನೀರಿನ ಪಂಪು ತೋರಿಸಿ ಹೇಳಿದ್ದರು, ಒಪ್ಪಿದವರು ಕಮ್ಮಿ. ಸ್ನೋ ತೀರಿಕೊಂಡದ್ದೂ 1858ರ ಜೂನ್‌ನಲ್ಲಿ, ಊರೆಲ್ಲ ನಾರುತ್ತಿದ್ದಾಗ. ನಾತ ಓಡಿಸಲು ಕಟ್ಟಿದ ಚರಂಡಿ ಕಾಲರಾವನ್ನೂ ಓಡಿಸಿತು. 1866ರಲ್ಲಿ ಅದು ಮತ್ತೆ ಬಂದಾಗ, ಚರಂಡಿ ಕೆಲಸ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲೇ ಜಾಸ್ತಿ ಜನ ಸತ್ತರು. ಎಂಥ ಸಾಕ್ಷಿ! ನೀವು ಇದನ್ನು ಮುಟ್ಟಿಯೇ ಇಲ್ಲ.

ನನ್ನ ದೊಡ್ಡ ತಕರಾರು ನಿಮ್ಮ ಕೊನೆಯ ಸಾಲಿನ ಮೇಲೆ: ‘ಹೀಗೆ ಥೇಮ್ಸ್ ಶುದ್ಧವಾಯಿತು.’ ಆಯಿತಾ? ಹೇಸಿಗೆ ಜಾಗ ಬದಲಿಸಿತು, ಅಷ್ಟೇ. 1840ರ ದಶಕದ ಕೊನೆಯಲ್ಲಿ ಮನೆಗಳ ಮಲಗುಂಡಿ ಮುಚ್ಚಿಸಿ ಎಲ್ಲವನ್ನೂ ನದಿಗೆ ತಿರುಗಿಸಿದವರು ‘ನಾತವೇ ರೋಗ’ ಎಂದವರೇ. ಆಮೇಲೆ ಬ್ಯಾಜಲ್ಜೆಟ್ ಅವರ 132 ಕಿಲೋಮೀಟರ್ ದೊಡ್ಡ ಕೊಳವೆಗಳು ಅದನ್ನು ಊರಿನ ಪೂರ್ವಕ್ಕೆ, ಬೆಕ್ಟನ್ ಮತ್ತು ಕ್ರಾಸ್‌ನೆಸ್‌ಗೆ ಸಾಗಿಸಿದವು. ಅಲ್ಲಿ ತೊಟ್ಟಿಗಳಲ್ಲಿ ಹಿಡಿದಿಟ್ಟು, ಸಮುದ್ರದ ಇಳಿತದ ಹೊತ್ತು ನೋಡಿ, ಶುದ್ಧೀಕರಿಸದೆ ನದಿಗೇ ಬಿಡುತ್ತಿದ್ದರು. 1878ರ ಸೆಪ್ಟೆಂಬರ್ 3ರಂದು ‘ಪ್ರಿನ್ಸೆಸ್ ಅಲೀಸ್’ ಹಡಗು ಮುಳುಗಿದ್ದು ಅದೇ ಆಸುಪಾಸಿನಲ್ಲಿ. 600ಕ್ಕೂ ಹೆಚ್ಚು ಜನ ಆ ನೀರಿನಲ್ಲಿ ಸತ್ತರು. 1887ರಿಂದ ಚರಂಡಿ ನೀರಿನ ಗಸಿಯನ್ನು ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯತೊಡಗಿದರು. ಅದು ನಿಂತದ್ದು 1998ರಲ್ಲಿ!

ಮನೆ, ನದಿ, ಕೆಳಗಿನ ಊರು, ಸಮುದ್ರ. ಈ ದಾರಿ ಹಿಡಿದು ಬರೆಯಿರಿ. ಎಂಜಿನಿಯರ್ ಸಾಹೇಬರ ಗುಣಗಾನ ಅರ್ಧಕ್ಕೆ ಇಳಿಸಿ.

31.8 ಕೋಟಿ ಇಟ್ಟಿಗೆಯ ಲೆಕ್ಕ ಮೂರು ಕಡೆ ಬಂದಿದೆ, ಒಂದು ಸಾಕು. ಆ ಮೋರಿಗಳಿಗೆ ಇಳಿದು ಗಸಿ ಎತ್ತಿದವರು ಮಾತ್ರ ಒಂದು ಕಡೆಯೂ ಬಂದಿಲ್ಲ. ತಿಂಗಳೊಳಗೆ ಕಳಿಸಿ, ಓದುತ್ತೇನೆ.